ಕೃಷಿ ಅರ್ಥಶಾಸ್ತ್ರ ಓದಿ ಹೊರದೇಶದ ಸಣ್ಣ ರೈತರ ನಡುವೆ ಕೆಲಸ ಮಾಡಿದವರು ಇಲ್ಲಿದ್ದೀರಾ?

ಹಿಂಗಾರು

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಕೃಷಿ ಅರ್ಥಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮದು ಸೇಡಂ ಕಡೆಯ ಹಳ್ಳಿ. ಮೂರು ಎಕರೆ ಎರೆಹೊಲ, ಮಳೆ ಬಂದರೆ ಬೆಳೆ. ತೊಗರಿಯ ನಡುವೆ ಹೆಸರು ಹಾಕುತ್ತೇವೆ. ಮನೆಯಲ್ಲಿ ಇಷ್ಟು ಓದಿದವಳು ನಾನೊಬ್ಬಳೇ.

ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಗಳಿಗೆ ಅರ್ಜಿ ಹಾಕು ಎಂದು ನನ್ನ ಮಾರ್ಗದರ್ಶಕರು ಹೇಳುತ್ತಿದ್ದಾರೆ. ಬ್ಯಾಂಕಿನ ಪರೀಕ್ಷೆಗೆ ಕುಳಿತುಕೋ ಎನ್ನುವುದು ಅಣ್ಣನ ಮಾತು. ಅಪ್ಪ ಮೊನ್ನೆ ರಾಶಿ ಮುಗಿಸಿ ಕುಳಿತಾಗ ಒಂದೇ ಪ್ರಶ್ನೆ ಕೇಳಿದರು: “ಆಫ್ರಿಕಾದ ರೈತನ ಲೆಕ್ಕವನ್ನು ನೀನು ಬರೆದುಕೊಂಡು ಬಂದರೆ ಅವನಿಗೆ ಏನು ಸಿಗುತ್ತದೆ?” ನನಗೆ ಉತ್ತರ ಹೊಳೆಯಲಿಲ್ಲ. ಆ ಮಾತು ಅಂದಿನಿಂದ ತಲೆಯಲ್ಲೇ ಇದೆ.

ಸಂಬಳ, ವೀಸಾ ಇತ್ಯಾದಿಗಳನ್ನು ಹೇಗೋ ತಿಳಿದುಕೊಳ್ಳಬಹುದು. ಅಪ್ಪನ ಪ್ರಶ್ನೆಗೆ ಉತ್ತರ ಗೊತ್ತಿರುವವರು ದಯವಿಟ್ಟು ಬರೆಯಿರಿ.

ದೂರದೂರು

ನಾನು ದಾವಣಗೆರೆಯವನು. ಹನ್ನೊಂದು ವರ್ಷದಿಂದ ನೈರೋಬಿಯಲ್ಲಿದ್ದೇನೆ. ನೀವು ಬೇಡವೆಂದರೂ ಕಹಿ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಈಗ ಓದು ಮುಗಿಸುವವರಿಗೆ ಅದು ಗೊತ್ತಿರಲೇಬೇಕು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ 1ಕ್ಕೆ ಆ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಎಂಬ ಸಂಸ್ಥೆಯೇ ಮುಚ್ಚಿತು. ಆ ಹಣವನ್ನು ನಂಬಿದ್ದ ಕೃಷಿ ಯೋಜನೆಗಳಲ್ಲಿ ಬಹಳಷ್ಟು ನಡುನೀರಿನಲ್ಲಿ ನಿಂತವು. ನಾವು ಮೂರು ಸುತ್ತು ನಡೆಸಬೇಕಿದ್ದ ಮನೆವಾರು ಸಮೀಕ್ಷೆಯೊಂದು ಎರಡನೆಯ ಸುತ್ತಿಗೆ ನಿಂತಿತು. ಮತ್ತೆ ಬರುತ್ತೇವೆ ಎಂದು ಹೇಳಿ ಬಂದಿದ್ದ ಮನೆಗಳಿಗೆ ಇಂದಿಗೂ ಹೋಗಲಾಗಿಲ್ಲ.

ಕೆಲಸ ಸಿಕ್ಕರೂ ಎರಡು ಮೂರು ವರ್ಷದ ಗುತ್ತಿಗೆ. ಯೋಜನೆ ಮುಗಿದರೆ ಹುದ್ದೆಯೂ ಮುಗಿಯಿತು. ಅಂಕಿಅಂಶ ವಿಶ್ಲೇಷಿಸುವ ಸ್ಟೇಟಾ ಅಥವಾ ಆರ್ ತಂತ್ರಾಂಶ ಕೈಗೆ ಹತ್ತಿರಬೇಕು. ಪೂರ್ವ ಆಫ್ರಿಕಾಕ್ಕೆ ಸ್ವಾಹಿಲಿ, ಪಶ್ಚಿಮಕ್ಕೆ ಫ್ರೆಂಚ್, ಮೊಜಾಂಬಿಕ್‌ಗೆ ಪೋರ್ಚುಗೀಸ್ ಕಲಿತರೆ ಸಾಲಿನಲ್ಲಿ ಸ್ವಲ್ಪ ಮುಂದೆ ನಿಲ್ಲುತ್ತೀರಿ.

ನಿಮ್ಮ ತಂದೆಯವರ ಪ್ರಶ್ನೆಗೆ ನನಗಿಂತ ಹಿರಿಯರು ಉತ್ತರ ಕೊಡಲಿ. ನಾನೂ ಕಾಯುತ್ತೇನೆ.

ಕರಿನೆಲ

ತಂಗಿ, ಎರಡು ದಿನದಿಂದ ನಿನ್ನ ಬರಹವನ್ನು ತೆರೆಯುವುದು, ಓದುವುದು, ಮುಚ್ಚುವುದು ಮಾಡುತ್ತಿದ್ದೇನೆ. ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಅಫಜಲಪುರ ಕಡೆಯವಳು. ನನ್ನ ತವರಿನಲ್ಲಿಯೂ ತೊಗರಿಯೇ ಬೆಳೆ. ಧಾರವಾಡದಲ್ಲಿ ಓದಿ, ಮಲಾವಿಯಲ್ಲಿ ಒಂಬತ್ತು ವರ್ಷ, ತಾಂಜಾನಿಯಾದಲ್ಲಿ ಎಂಟು ವರ್ಷ ಕೆಲಸ ಮಾಡಿ ಈಗ ಊರಿಗೆ ಮರಳಿದ್ದೇನೆ. ಅಲ್ಲಿಯೂ ನನ್ನ ಪಾಲಿಗೆ ಬಂದದ್ದು ತೊಗರಿಯೇ. ಮಲಾವಿಯಲ್ಲಿ ಅದನ್ನು ನಂಡೋಲೊ ಎನ್ನುತ್ತಾರೆ, ಸ್ವಾಹಿಲಿಯಲ್ಲಿ ಮ್ಬಾಜಿ.

ನಿನ್ನ ಅಪ್ಪನ ಪ್ರಶ್ನೆಗೆ ನೇರ ಉತ್ತರ: ಆ ದಿನ ಆ ರೈತನಿಗೆ ಏನೂ ಸಿಗುವುದಿಲ್ಲ. ಅವನ ಎರಡು ತಾಸು ಹೋಗುತ್ತದೆ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ನನ್ನ ಮೊದಲ ಕೆಲಸ ನಡೆದದ್ದು ನಮ್ಮ ಜಿಲ್ಲೆಯಲ್ಲಿಯೇ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನೆಟೆ ರೋಗ ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಹೂ ಕಾಯಿ ಹಿಡಿದು ನಿಂತ ಗಿಡ ಬೇರಿನಿಂದ ಒಣಗಿ ನಿಂತಲ್ಲೇ ಸಾಯುತ್ತದೆ. ಅದನ್ನು ತಡೆಯುವ ಮಾರುತಿ ತಳಿ 1986ರಲ್ಲಿ ಬಿಡುಗಡೆಯಾಗಿತ್ತು. ಎಷ್ಟು ರೈತರು ಅದನ್ನು ಬಿತ್ತುತ್ತಿದ್ದಾರೆ, ಅದರಿಂದ ಎಷ್ಟು ಲಾಭವಾಯಿತು ಎಂದು ಕೇಳಿ ಬರೆದುಕೊಂಡು ಬರುವುದು ನಮ್ಮ ಕೆಲಸ. ಒಬ್ಬ ಹಿರಿಯರ ಕಟ್ಟೆಯ ಮೇಲೆ ಕುಳಿತು “ಮಾರುತಿ ಬಿತ್ತಿದ್ದೀರಾ?” ಎಂದೆ. “ಇಲ್ಲವ್ವಾ, ನಮ್ಮದು ಅಕ್ಕನ ತೊಗರಿ” ಎಂದರು. ನಾನು ‘ಇಲ್ಲ’ ಎಂದು ಬರೆದೆ. ಎದ್ದು ಹೊರಡುವಾಗ ಹೊಲದ ಕಡೆ ನೋಡಿದರೆ ಸುತ್ತಲಿನ ಹೊಲಗಳಲ್ಲಿ ನೆಟೆ ಬಿದ್ದಿದೆ, ಇವರ ಹೊಲ ಹಸಿರಾಗಿದೆ. ಮತ್ತೆ ಕುಳಿತು ಕೇಳಿದೆ. ಮೂರು ವರ್ಷದ ಹಿಂದೆ ಅವರ ಅಕ್ಕ ಉಡಿಯಲ್ಲಿ ಕಟ್ಟಿ ಕೊಟ್ಟ ಬೀಜ ಅದು. ಅಕ್ಕನ ಊರಿಗೆ ಸಂಶೋಧನಾ ಕೇಂದ್ರದವರು ಪ್ರಯೋಗಕ್ಕೆ ಕೊಟ್ಟಿದ್ದರು. ಬೀಜ ಊರಿಗೆ ಬರುವಷ್ಟರಲ್ಲಿ ಮಾರುತಿ ಎಂಬ ಹೆಸರು ಹಿಂದೆ ಉಳಿದು ಅಕ್ಕನ ಹೆಸರು ಅಂಟಿಕೊಂಡಿತ್ತು.

ನಾನು ಹಾಳೆ ತಿದ್ದಿದೆ. ಅಂದಿನಿಂದ ಯಾವ ದೇಶಕ್ಕೆ ಹೋದರೂ ತಳಿಯ ಹೆಸರನ್ನು ಮೊದಲು ಕೇಳಲಿಲ್ಲ. “ಈ ಬೀಜ ಯಾರ ಮನೆಯಿಂದ ಬಂತು?” ಎಂದು ಕೇಳುತ್ತಿದ್ದೆ.

ಮಲಾವಿಗೆ ಹೋದದ್ದು 2002ರಲ್ಲಿ. ಆ ದೇಶ ದೊಡ್ಡ ಹಸಿವನ್ನು ಉಣ್ಣುತ್ತಿದ್ದ ವರ್ಷ ಅದು. ದಕ್ಷಿಣದ ಚಿರಾಡ್ಜುಲು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಮನೆಗೆ ಎರಡು ಎಕರೆ ಇದ್ದರೆ ಹೆಚ್ಚು. ನವೆಂಬರ್ ಕೊನೆಗೆ ಮಳೆ ಬಂದಾಗ ಮಣ್ಣು ಏರಿಸಿದ ಬೋದುಗಳ ಮೇಲೆ ಮೆಕ್ಕೆಜೋಳ, ಅದರ ನಡುವೆ ನಂಡೋಲೊ. ಏಪ್ರಿಲ್ ಹೊತ್ತಿಗೆ ಮೆಕ್ಕೆಜೋಳ ಕೊಯ್ದರೆ ನಂಡೋಲೊ ಒಬ್ಬಂಟಿಯಾಗಿ ನಿಂತು, ಉಳಿದ ತೇವವನ್ನು ಹೀರಿ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಕಾಳು ಕೊಡುತ್ತದೆ. ನೋಡಿದ ಮೊದಲ ದಿನ ನನಗೆ ಕಣ್ಣು ತುಂಬಿ ಬಂತು. ಅಷ್ಟು ದೂರ ಹೋಗಿ ನಮ್ಮದೇ ಹೊಲದಲ್ಲಿ ನಿಂತಂತಿತ್ತು.

ಅಲ್ಲಿ ಒಬ್ಬಾಕೆಯ ಅಂಗಳದಲ್ಲಿ ಚಾಪೆಯ ಮೇಲೆ ಕುಳಿತಿದ್ದೆವು. ಗಂಡ ಕೂಲಿಗೆ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದ. ನನ್ನ ನಮೂನೆಯಲ್ಲಿ ಹನ್ನೆರಡು ಪುಟ. ಎಷ್ಟು ಬೆಳೆದಿರಿ, ಎಷ್ಟು ತಿಂದಿರಿ, ಎಷ್ಟು ಮಾರಿದಿರಿ. ಅಲ್ಲಿ ಕಾಳನ್ನು ಅಳೆಯುವುದು ಬಕೆಟ್‌ನಲ್ಲಿ, ಮೇಲೆ ಗೋಪುರದಂತೆ ತುಂಬಿ. ಆಕೆ ಮೂರು ಬಕೆಟ್ ಎಂದಳು. ನಾನು ಕಿಲೋಗೆ ಇಳಿಸಿ, ಬೆಲೆ ಕಟ್ಟಿ, ಖರ್ಚು ಕಳೆದೆ. ಬಂದ ಲೆಕ್ಕದ ಪ್ರಕಾರ ನಂಡೋಲೊ ಹಾಕಿದ್ದೇ ಆಕೆಗೆ ನಷ್ಟ. ಅನುವಾದಕಿಯ ಮೂಲಕ ಅದನ್ನು ಹೇಳಿದಾಗ ಆಕೆ ಕೋಪಿಸಿಕೊಳ್ಳಲಿಲ್ಲ, ಎದ್ದು ಮನೆಯ ಹಿಂದೆ ಕರೆದುಕೊಂಡು ಹೋದಳು. ಗೋಡೆಗೆ ಒರಗಿಸಿ ತಲೆಯೆತ್ತರಕ್ಕೆ ತೊಗರಿ ಕಟ್ಟಿಗೆ ಒಟ್ಟಿದ್ದಳು. “ಇದು ಎಲ್ಲಿ ಬರೆದಿದ್ದೀಯ?” ಎಂದು ಕೇಳಿದಳು.

ಎಲ್ಲಿಯೂ ಬರೆದಿರಲಿಲ್ಲ. ಹನ್ನೆರಡು ಪುಟಗಳಲ್ಲಿ ಕಟ್ಟಿಗೆಗೆ ಒಂದು ಸಾಲು ಇರಲಿಲ್ಲ. ಆ ಒಟ್ಟಿಲು ಇಲ್ಲದಿದ್ದರೆ ಆಕೆ ಸೌದೆಗಾಗಿ ಬೆಟ್ಟ ಹತ್ತಿ ಇಳಿಯಬೇಕು, ವಾರಕ್ಕೆ ಎರಡು ಸಲ, ಬೆನ್ನಿಗೆ ಕೂಸು ಕಟ್ಟಿಕೊಂಡು. ನಮ್ಮ ಅವ್ವ ಚಳಿಗಾಲದಲ್ಲಿ ಒಲೆ ಹಚ್ಚುತ್ತಿದ್ದುದೂ ತೊಗರಿ ಕಟ್ಟಿಗೆಯಿಂದಲೇ. ಅದನ್ನು ನೋಡುತ್ತ ಬೆಳೆದ ನಾನೇ ಬಿಟ್ಟಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನ ಆ ಒಂದು ಸಾಲು ನಂತರ ಕೆಲಸಕ್ಕೆ ಬಂತು. ತಳಿ ವಿಜ್ಞಾನಿಗಳು ಗಿಡ್ಡ ಗಿಡದ, ಬೇಗ ಬರುವ ತಳಿಯನ್ನು ಆ ಹಳ್ಳಿಗಳಿಗೆ ಕೊಡಬೇಕೆಂದು ಹೊರಟಾಗ, ಎತ್ತರದ ತಳಿಯ ಕಟ್ಟಿಗೆಯ ಬೆಲೆ ಸೇರಿಸಿದ ಲೆಕ್ಕ ನಮ್ಮ ಕೈಯಲ್ಲಿತ್ತು. ಎತ್ತರದ ತಳಿಗಳೂ ಪ್ರಯೋಗದಲ್ಲಿ ಉಳಿದವು. ನಿನ್ನ ಅಪ್ಪನಿಗೆ ಇಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಲೆಕ್ಕ ಬರೆಯುವವರು ಬಿಟ್ಟದ್ದನ್ನು ಮುಂದೆ ಹಣ ಹಂಚುವವರೂ ಬಿಡುತ್ತಾರೆ, ತಳಿ ತಯಾರಿಸುವವರೂ ಬಿಡುತ್ತಾರೆ.

ಕೂರಿಗೆ

ಕರಿನೆಲ ಅಕ್ಕನವರೆ, ನಿಮ್ಮ ಬರಹ ಮನಸ್ಸಿಗೆ ತಟ್ಟಿತು. ಆದರೂ ಕೇಳಲೇಬೇಕಾದ ಮಾತೊಂದಿದೆ, ಸಿಟ್ಟಿನಿಂದಲೇ ಕೇಳುತ್ತೇನೆ, ಕ್ಷಮಿಸಿ. ನಾನು ಆಳಂದದವನು, ಐದು ಎಕರೆ ತೊಗರಿ. 2017ರ ಆರಂಭದಲ್ಲಿ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಅಡತಿ ಅಂಗಡಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಕೇಳಿದರು. ಖರೀದಿ ಕೇಂದ್ರದ ಮುಂದೆ ಪಹಣಿ ಹಿಡಿದು ನಾಲ್ಕು ದಿನ ನಿಂತೆ. ಚೀಲ ಇಲ್ಲ ಎಂದರು, ಮರುದಿನ ಗೋದಾಮಿನಲ್ಲಿ ಜಾಗ ಇಲ್ಲ ಎಂದರು. ಕೊನೆಗೆ ಮಗಳ ಮದುವೆಯ ಸಾಲಕ್ಕಾಗಿ ಅಡತಿಯವನಿಗೇ ಕೊಟ್ಟೆ. ಅದೇ ಹೊತ್ತಿಗೆ ಹಡಗಿನಲ್ಲಿ ಆಫ್ರಿಕಾದ ತೊಗರಿ ಬಂದು ಇಳಿಯುತ್ತಿತ್ತು.

ನಮ್ಮ ಜಿಲ್ಲೆಯ ಮಗಳಾಗಿ, ನಮ್ಮ ತೆರಿಗೆಯ ಹಣದಲ್ಲಿ ಓದಿ, ಅಲ್ಲಿಗೆ ಹೋಗಿ ಅವರಿಗೆ ತೊಗರಿ ಬೆಳೆಯುವುದನ್ನು ಕಲಿಸಿದಿರಲ್ಲ. ನಮ್ಮ ಹೊಟ್ಟೆಯ ಮೇಲೆ ಬಿದ್ದ ಹೊಡೆತದಲ್ಲಿ ನಿಮ್ಮ ಪಾಲಿಲ್ಲವೇ?

ಕರಿನೆಲ

ಇದೆ. ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದು. ಅದೇ ವರ್ಷ ನನ್ನ ಸ್ವಂತ ಅಣ್ಣ ಅಫಜಲಪುರದಲ್ಲಿ ಬೆಂಬಲ ಬೆಲೆಗಿಂತ ಕಡಿಮೆಗೆ ತೊಗರಿ ಮಾರಿದ. ಫೋನಿನಲ್ಲಿ ನೀನು ಕೇಳಿದ್ದನ್ನೇ ಕೇಳಿದ. ಅವನಿಗೆ ಅಂದು ಸರಿಯಾಗಿ ಉತ್ತರಿಸಲಾಗಲಿಲ್ಲ, ಇಲ್ಲಿ ಪ್ರಯತ್ನಿಸುತ್ತೇನೆ.

ಒಂದು ಮಾತನ್ನು ಮೊದಲು ತಿದ್ದುತ್ತೇನೆ. ಅವರಿಗೆ ತೊಗರಿ ಬೆಳೆಯುವುದನ್ನು ನಾನು ಕಲಿಸಲಿಲ್ಲ. ನಾನು ಹೋಗುವುದಕ್ಕೆ ತಲೆಮಾರುಗಳ ಮೊದಲೇ ಅವರು ಬೆಳೆಯುತ್ತಿದ್ದರು. ನಾನು ಮಾಡಿದ್ದು ಬೇರೆ, ಮತ್ತು ಅದು ಇದಕ್ಕಿಂತ ಹಗುರವೇನಲ್ಲ.

2015ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನೆನಪಿದೆಯೇ? ಆಗ ದೆಹಲಿಗೆ ಬೇಳೆ ಬೇಕಾಗಿತ್ತು. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದವಾಯಿತು, ವರ್ಷಕ್ಕೆ 1 ಲಕ್ಷ ಟನ್‌ನಿಂದ ಶುರು ಮಾಡಿ ಹಂತ ಹಂತವಾಗಿ 2 ಲಕ್ಷ ಟನ್‌ವರೆಗೆ ತೊಗರಿ ಮುಂತಾದ ಬೇಳೆಕಾಳು ಕೊಳ್ಳುತ್ತೇವೆ ಎಂದು. ಪೂರ್ವ ಆಫ್ರಿಕಾದ ಉಳಿದ ದೇಶಗಳಲ್ಲಿಯೂ ಆಸೆ ಚಿಗುರಿತು. ನಾನಾಗ ಉತ್ತರ ತಾಂಜಾನಿಯಾದ ಬಾಬಾಟಿಯಲ್ಲಿದ್ದೆ. ಅವರ ಹೊಸ ಕಾಳು ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ನಮ್ಮದು ಡಿಸೆಂಬರ್ ಜನವರಿಗೆ. ನಮ್ಮ ಗೋದಾಮುಗಳು ಬರಿದಾಗಿ ದರ ಏರುವ ಆ ಮೂರು ತಿಂಗಳಲ್ಲಿ ಅವರ ಕಾಳು ಮುಂಬೈಗೆ ಬಂದರೆ ಇಬ್ಬರಿಗೂ ಅಡ್ಡಿಯಿಲ್ಲ. ಹೀಗೆಂದು ನಾನೇ ವರದಿ ಬರೆದೆ. ರೈತರ ಸಭೆಗಳಲ್ಲಿಯೂ ಹೇಳಿದೆ. ಅವರು ನಂಬಿ ತೊಗರಿ ಹೆಚ್ಚಿಸಿದರು.

ಇತ್ತ ನಮ್ಮ ಸರ್ಕಾರ ಬೆಂಬಲ ಬೆಲೆ ಏರಿಸಿತ್ತು, 2016ರ ಮಳೆ ಚೆನ್ನಾಗಿತ್ತು, ನೀವೆಲ್ಲ ದಾಖಲೆಯ ಬೆಳೆ ತೆಗೆದಿರಿ. ಬೆಲೆ ಕುಸಿಯಿತು. 2017ರ ಆಗಸ್ಟ್‌ನಲ್ಲಿ ಭಾರತ ತೊಗರಿ ಆಮದನ್ನು ವರ್ಷಕ್ಕೆ 2 ಲಕ್ಷ ಟನ್‌ಗೆ ಮಿತಿಗೊಳಿಸಿತು. ಅಲ್ಲಿ ಅದು ಸುಗ್ಗಿಯ ತಿಂಗಳು. ಬಾಬಾಟಿಯ ಸುತ್ತಿನ ಜನ ಒಣ ತೊಗರಿಯನ್ನು ಹೆಚ್ಚಾಗಿ ಉಣ್ಣುವವರಲ್ಲ, ಮಾರಲೆಂದೇ ಬೆಳೆದಿದ್ದರು. ಖರೀದಿಗೆ ಬರುತ್ತಿದ್ದ ಲಾರಿಗಳು ಬರಲಿಲ್ಲ. ನಾನು ಹೋದ ಒಂದು ಮನೆಯಲ್ಲಿ ಮಲಗುವ ಕೋಣೆಯ ತುಂಬ ಚೀಲಗಳನ್ನು ಒಟ್ಟಿ, ಮಕ್ಕಳು ಹೊರಗೆ ಮಲಗುತ್ತಿದ್ದರು. ಮನೆಯಾತ ನನಗೆ ಚಹಾ ಕೊಟ್ಟ. ಒಂದು ಕಟು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನನ್ನ ವರದಿಯಲ್ಲಿ ಬೆಲೆಯ ಏರಿಳಿತದ ಬಗ್ಗೆ ಒಂದು ಇಡೀ ಅಧ್ಯಾಯವಿತ್ತು. ಕೊಳ್ಳುವ ಒಂದೇ ದೇಶ ಬಾಗಿಲು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ತೊಗರಿ ಬೆಲೆ ದೆಹಲಿಯ ಒಂದು ಆದೇಶದಿಂದ ಏರುವುದನ್ನೂ ಇಳಿಯುವುದನ್ನೂ ಚಿಕ್ಕಂದಿನಿಂದ ಕಂಡಿದ್ದ ನಾನು ಅದನ್ನು ಬರೆಯಬೇಕಿತ್ತು. ತಪ್ಪು ನನ್ನದು. ಆ ವರ್ಷದ ನಂತರ ನನ್ನ ಕೆಲಸದ ದಿಕ್ಕು ಬದಲಾಯಿತು. ಊರಲ್ಲೇ ಬೇಳೆ ಮಾಡುವ ಸಣ್ಣ ಗಿರಣಿಗಳು, ಊರಲ್ಲೇ ಉಣ್ಣುವವರು, ಎರಡನೆಯ ಮೂರನೆಯ ಕೊಳ್ಳುಗರು, ಇವುಗಳ ಹಿಂದೆ ಓಡಾಡಿದೆ. ಕರಾವಳಿಯ ಕಡೆ ತೆಂಗಿನ ಹಾಲಿನಲ್ಲಿ ತೊಗರಿ ಬೇಯಿಸಿ ಬೆಳಗಿನ ತಿಂಡಿಗೆ ತಿನ್ನುತ್ತಾರೆ, ಬಹಳ ರುಚಿ. ಆ ಅಡುಗೆಯನ್ನು ಒಳನಾಡಿನ ಹೆಣ್ಣುಮಕ್ಕಳ ಸಂಘಗಳಿಗೆ ತೋರಿಸುವುದೂ ಅರ್ಥಶಾಸ್ತ್ರಜ್ಞೆಯ ಕೆಲಸವೇ ಆಯಿತು.

2021ರಲ್ಲಿ ಭಾರತ ಮತ್ತೆ ಬಾಗಿಲು ತೆರೆಯಿತು. ಮೊಜಾಂಬಿಕ್‌ನಿಂದ ವರ್ಷಕ್ಕೆ 2 ಲಕ್ಷ ಟನ್, ಮಲಾವಿಯಿಂದ 50,000 ಟನ್, ಐದು ವರ್ಷದ ಒಪ್ಪಂದ. ಅಳತೆ ಮತ್ತು ಅವಧಿ ಮೊದಲೇ ಗೊತ್ತಿದ್ದರೆ ಅಲ್ಲಿನವನು ಎಷ್ಟು ಬಿತ್ತಬೇಕೆಂದು ಲೆಕ್ಕ ಹಾಕಬಹುದು, ನೀನೂ ಹಾಕಬಹುದು. ಆದರೆ ತಮ್ಮಾ, ಚಿರಾಡ್ಜುಲುವಿನ ಆ ತಾಯಿಯ ಮೂರು ಬಕೆಟ್ ಕಾಳು ನಿನ್ನ ಹೊಟ್ಟೆಗೆ ಹೊಡೆಯಿತು ಎಂದು ಮಾತ್ರ ನನ್ನಿಂದ ಒಪ್ಪಲಾಗದು. ಆಕೆ ಮಾರಿದ ಬೆಲೆಯನ್ನು ಕಣ್ಣಾರೆ ಕಂಡಿದ್ದೇನೆ. ಅಡತಿ ಅಂಗಡಿಯಲ್ಲಿ ನಿನಗೆ ಏನು ಮಾಡಿದರೋ ಅದನ್ನೇ ಅಲ್ಲಿ ಆಕೆಗೂ ಮಾಡುತ್ತಿದ್ದರು. ತಕ್ಕಡಿ ಅಲ್ಲಿಯೂ ಕೊಳ್ಳುವವನದೇ.

ಅಕ್ಕಡಿ ಸಾಲು

ತುಮಕೂರು ಕಡೆಯವನು. ಪಿಎಚ್‌.ಡಿ. ಇಲ್ಲ, ಕೃಷಿ ಪದವಿ ಅಷ್ಟೆ. ಆದರೂ ಈ ಚರ್ಚೆಯಲ್ಲಿ ನನಗೂ ಒಂದು ಜಾಗವಿದೆ ಎನಿಸಿತು.

ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1972ರಲ್ಲಿ ಆರಂಭವಾಯಿತು. ಅಲ್ಲಿನ ಅರ್ಥಶಾಸ್ತ್ರಜ್ಞರು 1975ರಲ್ಲಿ ಒಂದು ಕೆಲಸಕ್ಕೆ ಕೈಹಾಕಿದರು. ಒಣಬೇಸಾಯದ ಆರು ಹಳ್ಳಿಗಳನ್ನು ಆರಿಸಿಕೊಂಡರು: ಮೆಹಬೂಬ್‌ನಗರ ಜಿಲ್ಲೆಯ ಔರೇಪಲ್ಲಿ, ದೋಕೂರು, ಸೊಲ್ಲಾಪುರದ ಶಿರಾಪುರ, ಕಲಮನ್, ಅಕೋಲಾದ ಕಂಜರಾ, ಕಿಂಖೇಡಾ. ಪ್ರತಿ ಹಳ್ಳಿಯಲ್ಲಿ 40 ಮನೆ: 10 ಕೂಲಿಕಾರರದು, 10 ಸಣ್ಣ ರೈತರದು, 10 ಮಧ್ಯಮ, 10 ದೊಡ್ಡವರದು. ಊರಿನ ಭಾಷೆ ಬಲ್ಲ ಕೃಷಿ ಪದವೀಧರರು ಆ ಹಳ್ಳಿಯಲ್ಲೇ ವಾಸವಿದ್ದು, ಮೂರು ನಾಲ್ಕು ವಾರಕ್ಕೊಮ್ಮೆ ಅದೇ ಮನೆಗಳಿಗೆ ಹೋಗಿ ಕೇಳಿ ಬರೆದುಕೊಂಡರು. ಅವುಗಳಲ್ಲಿ ಮೂರು ಹಳ್ಳಿಗಳಲ್ಲಿ ಹೀಗೆ ಹತ್ತು ವರ್ಷ ನಡೆಯಿತು. 2009ರಲ್ಲಿ ಅದನ್ನು ವಿಸ್ತರಿಸಿದಾಗ ಕರ್ನಾಟಕದ ನಾಲ್ಕು ಹಳ್ಳಿಗಳೂ ಸೇರಿದವು: ವಿಜಯಪುರ ಜಿಲ್ಲೆಯ ಕಪನಿಂಬರಗಿ ಮತ್ತು ಮಾರಕಬ್ಬಿನಹಳ್ಳಿ, ತುಮಕೂರು ಜಿಲ್ಲೆಯ ತರಟಿ ಮತ್ತು ಬೆಳ್ಳದಮಡುಗು. ಇಂಥದೇ ಒಂದು ಸಮೀಕ್ಷೆಯಲ್ಲಿ ನಾನು ಮೂರು ವರ್ಷ ಹಳ್ಳಿಯಲ್ಲಿದ್ದು ಲೆಕ್ಕ ಬರೆದವನು.

ಮೊದಲ ವರ್ಷ ಜನ ಹೇಳುವ ಸಾಲದ ಮೊತ್ತವನ್ನು ನಂಬಬೇಡಿ. ಎರಡನೆಯ ವರ್ಷ, ಅವರ ಮನೆಯ ಸಾವಿಗೆ ಹೆಗಲು ಕೊಟ್ಟ ಮೇಲೆ, ನಿಜವಾದ ಮೊತ್ತ ಹೊರಬರುತ್ತದೆ. ನನಗೆ ಹಾಗೆಯೇ ಆಯಿತು. ಮೊದಲು ‘ಸಾಲ ಇಲ್ಲ’ ಎಂದಿದ್ದ ಅಜ್ಜಿ, ಹದಿನಾಲ್ಕು ತಿಂಗಳ ನಂತರ ತಾನೇ ಕರೆದು, ಮೂರು ಕಡೆ ಇದ್ದ ಸಾಲವನ್ನು ಬೆರಳು ಮಡಿಚಿ ಎಣಿಸಿದರು.

ಕರಿನೆಲ ಅಕ್ಕನವರು ಹೇಳಿದ ಅಪಾಯದ ಲೆಕ್ಕಕ್ಕೆ ಸಂಬಂಧಪಟ್ಟದ್ದು ಇನ್ನೊಂದಿದೆ. ಇಕ್ರಿಸ್ಯಾಟ್‌ನ ಆ ಹಳ್ಳಿಗಳಲ್ಲಿ ಹಾನ್ಸ್ ಬಿನ್ಸ್‌ವಾಂಗರ್ ಎಂಬ ಸ್ವಿಸ್ ಮೂಲದ ಕೃಷಿ ಅರ್ಥಶಾಸ್ತ್ರಜ್ಞರು ನಾಣ್ಯ ಚಿಮ್ಮಿಸುವ ಆಟವೊಂದನ್ನು ಆಡಿಸಿದರು, ಅದೂ ನಿಜವಾದ ಹಣ ಇಟ್ಟು. ತಲೆ ಬಿದ್ದರೂ ಬಾಲ ಬಿದ್ದರೂ 50 ರೂಪಾಯಿ ಬೇಕೇ? ಅಥವಾ ಒಂದು ಕಡೆಗೆ 40, ಇನ್ನೊಂದು ಕಡೆಗೆ 120 ಇರಲೇ? ಅಥವಾ ಬಿದ್ದರೆ 200, ಇಲ್ಲದಿದ್ದರೆ ಸೊನ್ನೆ? ಕೂಲಿಕಾರನೊಬ್ಬನ ತಿಂಗಳ ಗಳಿಕೆಗಿಂತ ಹೆಚ್ಚು ಹಣ ಪಣದಲ್ಲಿತ್ತು. ಬಡವ ಅಂಜುಬುರುಕ, ಅದಕ್ಕೇ ಹೊಸ ಬೀಜ ಗೊಬ್ಬರ ಹಾಕುವುದಿಲ್ಲ ಎಂದು ಆಗ ಅನೇಕರು ನಂಬಿದ್ದರು. ಆಟದಲ್ಲಿ ಕಂಡದ್ದು ಬೇರೆ. ಮೊತ್ತ ದೊಡ್ಡದಾದಾಗ ಬಡವರೂ ಅನುಕೂಲಸ್ಥರೂ ಹೆಚ್ಚುಕಡಿಮೆ ಒಂದೇ ರೀತಿ, ಮಿತವಾಗಿ ಎಚ್ಚರ ವಹಿಸಿದರು. ಹಾಗಾದರೆ ಹೊಲದಲ್ಲಿ ಕಾಣುವ ವ್ಯತ್ಯಾಸಕ್ಕೆ ಕಾರಣ ಬಡವನ ಸ್ವಭಾವವಲ್ಲ. ಸಾಲ ಸಿಗುವ ದಾರಿ, ಮಾರುಕಟ್ಟೆಯ ದಾರಿ ಅವನಿಗೆ ಮುಚ್ಚಿರುವುದೇ ಕಾರಣ. ಇದನ್ನು ಓದಿದ ದಿನ ನಮ್ಮ ತಂದೆಯ ಬಗ್ಗೆ ನನಗಿದ್ದ ಒಂದು ಹಳೆಯ ಅಸಮಾಧಾನ ಕರಗಿತು.

ಹಿಂಗಾರು ಅವರೇ, ಹೊರದೇಶಕ್ಕೆ ಹೋಗುವ ಮೊದಲು ಒಂದು ಹಳ್ಳಿಯಲ್ಲಿ ಕನಿಷ್ಠ ಎರಡು ಮಳೆಗಾಲ ಕಳೆಯಿರಿ ಎನ್ನುವುದು ನನ್ನ ಮಾತು.

ನೀರಗಂಟಿ

ಅಧ್ಯಾಪಕನಾಗಿ ಒಂದು ಹೆಸರು ಸೇರಿಸುತ್ತೇನೆ: ಕೃಷಿ ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ. ರಾಜಸ್ಥಾನದ ಒಣನೆಲದಲ್ಲಿ ಕೆಲಸ ಶುರು ಮಾಡಿ, ಇಕ್ರಿಸ್ಯಾಟ್‌ನಲ್ಲಿ ಬೆಳೆದು, ನಂತರ ಕಠ್ಮಂಡುವಿನ ಪರ್ವತ ಅಭಿವೃದ್ಧಿ ಸಂಸ್ಥೆಗೆ ಹೋದವರು. ಏಳು ರಾಜ್ಯಗಳ 82 ಹಳ್ಳಿಗಳಲ್ಲಿ, ಕರ್ನಾಟಕವೂ ಸೇರಿ, ಗೋಮಾಳ ಕೆರೆ ಅಂಗಳಗಳಂಥ ಊರೊಟ್ಟಿನ ನೆಲದಿಂದ ಬಡವರಿಗೆ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿದರು. 1986ರಲ್ಲಿ ಅದು ಪ್ರಕಟವಾಯಿತು. ಅಲ್ಲಿಯವರೆಗೆ ಆ ಸೌದೆ, ಮೇವು, ಸೊಪ್ಪು, ಹಣ್ಣುಗಳು ಬಹುತೇಕ ಯಾರ ಲೆಕ್ಕದಲ್ಲಿಯೂ ಸರಿಯಾಗಿ ಬಂದಿರಲಿಲ್ಲ. ಕರಿನೆಲ ಅವರ ಕಟ್ಟಿಗೆಯ ಒಟ್ಟಿಲಿನ ಹಾಗೆಯೇ.

ಅವರ ಇನ್ನೊಂದು ಬರಹ 1988ರದು. ರಾಜಸ್ಥಾನದ ಎರಡು ಹಳ್ಳಿಗಳನ್ನು ಇಪ್ಪತ್ತು ವರ್ಷದ ಅಂತರದಲ್ಲಿ ಎರಡು ಸಲ ನೋಡಿದರು. ಹಣದ ಲೆಕ್ಕದಲ್ಲಿ ಇನ್ನೂ ಬಡವಾಗಿದ್ದ ಮನೆಗಳನ್ನು ಬೇರೆ ಮಾಡಿ, ‘ನಿಮ್ಮ ದೃಷ್ಟಿಯಲ್ಲಿ ಬದುಕು ಹೇಗಾಯಿತು?’ ಎಂದು ಕೇಳಿದರು. ಜನರೇ ಹೇಳಿದ 38 ಅಳತೆಗೋಲುಗಳಲ್ಲಿ 37ರಲ್ಲಿ ಬದುಕು ಸುಧಾರಿಸಿತ್ತು. ಒಬ್ಬನೇ ಧಣಿಯ ಹಂಗಿನಲ್ಲಿ ಇರಬೇಕಾಗಿಲ್ಲ, ಕಾಲಿಗೆ ಚಪ್ಪಲಿ ಬಂದಿದೆ. ಇಂಥವು. ಹಣದ ಬಡತನವನ್ನು ಅವರು ಅಲ್ಲಗಳೆಯಲಿಲ್ಲ. ಅದರ ಪಕ್ಕದಲ್ಲಿ ಮನುಷ್ಯರ ಮಾತನ್ನೂ ಇಟ್ಟರು. ತರಗತಿಯಲ್ಲಿ ಪ್ರತಿ ವರ್ಷ ಇದನ್ನು ಹೇಳುತ್ತೇನೆ.

ಕೂರಿಗೆ

ಅಕ್ಕನವರೆ, ನಿಮ್ಮ ಉತ್ತರವನ್ನು ಮನೆಯಲ್ಲಿ ಓದಿ ಹೇಳಿದೆ. ಮಲಗುವ ಕೋಣೆಯಲ್ಲಿ ಚೀಲ ಒಟ್ಟಿದ್ದನ್ನು ಕೇಳಿ ನನ್ನ ಹೆಂಡತಿ, ‘ಆ ವರ್ಷ ನಮ್ಮದೂ ಅದೇ ಗತಿಯಾಗಿತ್ತಲ್ಲ’ ಎಂದಳು. ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಅದು ಯಾರ ಮೇಲೆ ಇರಬೇಕೋ ಅತ್ತ ತಿರುಗಿದೆ. ಒಂದು ಪ್ರಶ್ನೆ. ಸುಗ್ಗಿಯಲ್ಲೇ ಮಾರದೆ ಮೂರು ತಿಂಗಳು ಇಟ್ಟುಕೊಳ್ಳಲು ಅಲ್ಲಿನವರು ಏನಾದರೂ ದಾರಿ ಕಂಡುಕೊಂಡಿದ್ದಾರೆಯೇ? ನಾವು ಬೂದಿ, ಬೇವಿನ ಎಲೆ ಹಾಕಿ ಇಡುತ್ತೇವೆ, ಆದರೂ ಹುಳ ಬೀಳುತ್ತದೆ. ಹುಳ ಬೀಳದಿದ್ದರೂ ಸಾಲದವರು ಬಾಗಿಲಿಗೆ ಬರುತ್ತಾರೆ.

ದೂರದೂರು

ಇದಕ್ಕೆ ನಾನು ಉತ್ತರಿಸಬಲ್ಲೆ. ನೀವು ಹೇಳಿದ ಎರಡೂ ತೊಡಕುಗಳಿಗೆ ಪಶ್ಚಿಮ ಆಫ್ರಿಕಾದ ನೈಜರ್‌ನಲ್ಲಿ ನಾನು ಎರಡು ದಾರಿ ನೋಡಿದ್ದೇನೆ.

ಹುಳಕ್ಕೆ ಅಲ್ಲಿ ಅಲಸಂದೆ ರೈತರು ಬಳಸುವುದು ಮೂರು ಪದರದ ಚೀಲ. ಒಳಗೆ ದಪ್ಪ ಪ್ಲಾಸ್ಟಿಕ್‌ನ ಎರಡು ಪದರ, ಹೊರಗೆ ಮಾಮೂಲಿ ನೇಯ್ದ ಚೀಲ. ಚೆನ್ನಾಗಿ ಒಣಗಿಸಿದ ಕಾಳು ತುಂಬಿ, ಗಾಳಿ ಹಿಂಡಿ, ಒಂದೊಂದು ಪದರವನ್ನೂ ಬೇರೆ ಬೇರೆ ತಿರುಚಿ ಕಟ್ಟುತ್ತಾರೆ. ಒಳಗಿನ ಹುಳ ಉಸಿರಾಡಿ ಆಮ್ಲಜನಕ ತೀರಿದ ಮೇಲೆ ತಿನ್ನುವುದನ್ನು ನಿಲ್ಲಿಸಿ ಸಾಯುತ್ತದೆ. ಔಷಧಿಯ ಗುಳಿಗೆ ಬೇಡ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಕ್ಯಾಮರೂನ್‌ನಲ್ಲಿ ಎಂಬತ್ತರ ದಶಕದ ಕೊನೆಯಲ್ಲಿ ಶುರು ಮಾಡಿದ ಪ್ರಯತ್ನ ಅದು.

ಸಾಲದವರಿಗೆ ಅಲ್ಲಿ ವಾರಂಟಾಜ್ ಎಂಬ ವ್ಯವಸ್ಥೆ ಇದೆ. ಸಂಘದವರು ಸುಗ್ಗಿಯಲ್ಲಿ ಕಾಳನ್ನು ಊರಿನ ಗೋದಾಮಿನಲ್ಲಿ ಇಟ್ಟು ಅದರ ಮೇಲೆ ಸಾಲ ಪಡೆಯುತ್ತಾರೆ. ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ಸಂಘದ ಬಳಿ, ಇನ್ನೊಂದರದು ಸಾಲ ಕೊಟ್ಟವರ ಬಳಿ. ಒಬ್ಬರೇ ತೆರೆಯಲಾಗುವುದಿಲ್ಲ. ದರ ಏರಿದಾಗ ಇಬ್ಬರೂ ಬಂದು ತೆರೆಯುತ್ತಾರೆ. ನಮ್ಮ ಎಪಿಎಂಸಿಗಳಲ್ಲಿರುವ ಅಡಮಾನ ಸಾಲದ ತತ್ವವೇ ಇದು. ವ್ಯತ್ಯಾಸವೆಂದರೆ ಗೋದಾಮು ಊರಲ್ಲೇ ಇದೆ ಮತ್ತು ಒಂದು ಕೀಲಿ ರೈತರ ಕೈಯಲ್ಲಿದೆ.

ಕರಿನೆಲ

ಆದರೆ ಬೆಲೆ ಏರಲೇಬೇಕೆಂಬ ನಿಯಮವಿಲ್ಲ, ಕೂರಿಗೆ ತಮ್ಮಾ. 2017ರಲ್ಲಿ ಕಾದವರು ಇನ್ನೂ ಕಳೆದುಕೊಂಡರು. ಇಡುವುದಾದರೆ ಎಲ್ಲವನ್ನೂ ಇಡಬೇಡ. ಸಾಲಕ್ಕೆ ಬೇಕಾದಷ್ಟು ಮಾರಿ ಉಳಿದದ್ದನ್ನು ಇಡು.

ಹಿಂಗಾರು

ಎಲ್ಲರಿಗೂ ಕೈಮುಗಿಯುತ್ತೇನೆ. ಇದನ್ನೆಲ್ಲ ಅಪ್ಪನಿಗೆ ಒಂದೊಂದಾಗಿ ಓದಿ ಹೇಳಿದೆ. ‘ಅಕ್ಕನ ತೊಗರಿ’ ಬಂದಾಗ ನಕ್ಕರು. ನಮ್ಮ ಮನೆಯಲ್ಲಿ ಈಗ ಬಿತ್ತುವ ಬೀಜಕ್ಕೂ ಸೋದರತ್ತೆಯ ಊರಿನ ಹೆಸರೇ ಇದೆ, ನೋಡಿದರೆ ಅದು ಟಿಎಸ್-3ಆರ್ ತಳಿ ಇರಬಹುದು ಎನಿಸುತ್ತದೆ.

ಕರಿನೆಲ ಅಕ್ಕ, ಒಂದು ಕೆಲಸ ಮಾಡಿದೆ. ಅಪ್ಪ ವರ್ಷವೂ ಬರೆಯುವ ಖರ್ಚಿನ ಪುಸ್ತಕ ತೆಗೆದೆ. ಬೀಜ, ಗೊಬ್ಬರ, ಔಷಧಿ, ಟ್ರ್ಯಾಕ್ಟರ್ ಬಾಡಿಗೆ, ರಾಶಿ ಯಂತ್ರ, ಕೂಲಿ ಆಳು ಎಲ್ಲವೂ ಇದೆ. ಅವ್ವನ ಕೆಲಸ ಒಂದು ದಿನದ್ದೂ ಇಲ್ಲ. ರಾತ್ರಿ ಅವ್ವನನ್ನು ಕೂರಿಸಿಕೊಂಡು ಬಿತ್ತನೆಯಿಂದ ಒಂದೊಂದೇ ಹಬ್ಬವನ್ನು ಗುರುತಾಗಿಟ್ಟು ಕೇಳಿದೆ. ಕಾರಹುಣ್ಣಿಮೆಯ ನಂತರ ಎಷ್ಟು ದಿನ, ನಾಗರಪಂಚಮಿಗೆ ಮುಂಚೆ ಕಳೆ ಎಷ್ಟು ದಿನ, ಹೆಸರು ಬಿಡಿಸಿದ್ದು ಎಷ್ಟು ದಿನ, ಎಳ್ಳಮಾವಾಸ್ಯೆಯ ನಂತರ ಕೊಯ್ಲು ಎಷ್ಟು ದಿನ. 61 ದಿನ ಬಂತು. ಅಪ್ಪ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದರು. ಪೆನ್ನು ತೆಗೆದುಕೊಂಡು ತಾವೇ ಪುಸ್ತಕದ ಕೊನೆಯಲ್ಲಿ ಬರೆದರು.

ತೊಗರಿ ಕಟ್ಟಿಗೆ ಈ ಸಲ ಮೂವತ್ತು ಹೊರೆಯಷ್ಟು ಆಗಿದೆ. ನಮ್ಮೂರಿನಲ್ಲಿ ಅದನ್ನು ಯಾರೂ ಮಾರುವುದಿಲ್ಲ. ಹಾಗಾದರೆ ಒಂದು ಹೊರೆಗೆ ಎಷ್ಟು ಬೆಲೆ ಹಾಕಲಿ ಅಕ್ಕ?

ಕರಿನೆಲ

ಮಾರುಕಟ್ಟೆಯ ಬೆಲೆ ಇಲ್ಲದಿದ್ದರೆ ಎರಡು ರೀತಿ ಕೇಳು ತಂಗಿ. ಆ ಹೊರೆ ಇಲ್ಲದಿದ್ದರೆ ಅವ್ವ ಅಷ್ಟೇ ದಿನ ಒಲೆ ಉರಿಸಲು ಏನನ್ನು ತರಬೇಕು, ಅದನ್ನು ಆಯಲು ಎಷ್ಟು ತಾಸು ಬೇಕು ಎಂದು ಕೇಳಿ, ಆ ತಾಸುಗಳಿಗೆ ಊರಿನ ಹೆಣ್ಣಾಳಿನ ಕೂಲಿಯ ದರ ಹಾಕು. ಆಮೇಲೆ, ಗ್ಯಾಸ್ ಸಿಲಿಂಡರ್ ಎಷ್ಟು ದಿನ ಹೆಚ್ಚು ಬರುತ್ತದೆ ಎಂದು ಕೇಳಿ ಅದರ ಹಣವನ್ನೂ ಹಾಕು. ಎರಡು ಮೊತ್ತಗಳಲ್ಲಿ ಕಡಿಮೆ ಇರುವುದನ್ನು ಬರೆ, ಪಕ್ಕದಲ್ಲಿ ಇನ್ನೊಂದನ್ನೂ ನಮೂದಿಸು. ಹೊರೆಯನ್ನು ತೂಗಲು ಮರೆಯಬೇಡ. ನಿಮ್ಮ ಅವ್ವನ ಹೊರೆಯೂ ನೆರೆಮನೆಯವರ ಹೊರೆಯೂ ಒಂದೇ ಅಲ್ಲ.

ಕೂರಿಗೆ

ತಂಗಿ, ಆ ಲೆಕ್ಕದ ನಮೂನೆ ತಯಾರಾದ ಮೇಲೆ ಇಲ್ಲಿಯೂ ಹಾಕು. ನಮ್ಮ ಮನೆಯಲ್ಲಿಯೂ ಕುಳಿತು ತುಂಬಿಸುತ್ತೇವೆ.